ಕರಿಬೇವಿನ ಕಿಟಕಿ

ಇವತ್ತು ಮಗಳು ಮದ್ದು ಬಳಿದ ಕಾಗದದ ಮೇಲೆ ಎಲೆಗಳನ್ನಿಟ್ಟು, ದೀಪದ ಬೆಳಕಿಗೆ ಒಡ್ಡಿ, ನೀರಲ್ಲಿ ತೊಳೆದಳು. ಕಾಗದವೆಲ್ಲ ನೀಲಿಯಾಯಿತು, ಎಲೆ ಇದ್ದಲ್ಲಿ ಮಾತ್ರ ಬಿಳಿ. ನನಗೆ ಅಪ್ಪನ ನೆನಪಾಯಿತು.

ಪುತ್ತೂರಿನಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದ ಅಪ್ಪ, ಅದರ ಪ್ರತಿಗಳನ್ನು ಹೀಗೆಯೇ, ಎಲೆಯ ಬದಲು ನಕ್ಷೆಯಿಟ್ಟು ತೆಗೆಯುತ್ತಿದ್ದರು. ಬಿಸಿಲಿಲ್ಲದ ದಿನ ಬೀದಿದೀಪಕ್ಕೆ ಹಾಕುವಂಥ ದೊಡ್ಡ ಮರ್ಕ್ಯುರಿ ಬಲ್ಬೇ ಗತಿ. ನಮ್ಮ ಮನೆಯ ನಕ್ಷೆಯೂ ಆ ಬಲ್ಬಿನಡಿಯೇ ಆದದ್ದು. ಅಡುಗೆಕೋಣೆಗೆ ರಸ್ತೆ ಕಡೆ ಒಂದು ಕಿಟಕಿ ಬೇಕೆಂದು ಅಮ್ಮ ಎಷ್ಟು ಕೇಳಿದರೂ ಅಪ್ಪ "ಬೇಡ" ಎಂದಿದ್ದರು. ಅವರು ಆಚೆ ತಿರುಗಿದಾಗ ನಾನು ನಕ್ಷೆಯ ಮೇಲೆ ಒತ್ತಿಟ್ಟಿದ್ದ ಗಾಜಿನಡಿಗೆ ಕರಿಬೇವಿನ ಎಲೆಯೊಂದನ್ನು ತೂರಿಸಿದೆ.

ತೊಳೆದ ನಕ್ಷೆಯನ್ನು ಮೇಸ್ತ್ರಿ ಹಸಿಯಾಗಿಯೇ ಎತ್ತಿ ನೋಡಿದರು. "ಅಡುಗೆಕೋಣೆಯ ಗೋಡೆಯಲ್ಲಿ ಈ ಬಿಳಿ ಎಂತ ಮಾರಾಯ್ರೆ? ಕಿಟಕಿಯಾ?"

ತನ್ನ ನಕ್ಷೆಯಲ್ಲಿ ತಪ್ಪುಂಟು ಎಂದು ಒಪ್ಪುವ ಜನವೇ ಅಲ್ಲ ಅಪ್ಪ. ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, "ಮತ್ತೆಂತ? ಕಿಟಕಿಯೇ" ಎಂದರು. ಆಮೇಲೆ ದಿನಾ ಅಲ್ಲೇ ನಿಂತು ಕಾಫಿ ಕುಡಿದವರೂ ಅವರೇ.

ಈಗ ಅದೇ ಕಿಟಕಿಯಲ್ಲಿ ಮಗಳು ತನ್ನ ಚಿತ್ರ ಒಣಗಲು ಹಾಕಿದ್ದಾಳೆ. "ಅಜ್ಜಿ, ಇನ್ನು ಯಾವ ಎಲೆ ಇಡುದು?"

ಒಗ್ಗರಣೆಗೆ ಕರಿಬೇವು ಬಿಡಿಸುತ್ತಿದ್ದ ಅಮ್ಮ, ಅಂದು ನನ್ನ ಕೈಗೆ ಕೊಟ್ಟ ಹಾಗೆಯೇ ಅವಳಿಗೂ ಒಂದು ಎಲೆ ಕೊಟ್ಟರು.

"ಎಲೆ ಯಾವುದಾದ್ರೂ ಆಗ್ತದೆ ಮಗಾ. ಎಲ್ಲಿ ಇಡುದು ಅಂತ ಗೊತ್ತಿರ್ಬೇಕು."