ಐದು ಗೂಡುಗಳ ಸಪ್ಲೈಯರ್

ಹೆತ್ತವರು ಇಟ್ಟ ಹೆಸರು ಏನೆಂದು ಬಾರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವನು ಗೂಡಣ್ಣ. ಇಪ್ಪತ್ತಾರು ವರ್ಷದಿಂದ ಅಲ್ಲಿ ಸಪ್ಲೈಯರ್. ತಗ್ಗು ಸೂರು, ಹೊಗೆ ಕುಡಿದು ಕಪ್ಪಾದ ಗೋಡೆ, ಮೂಲೆ ಒಡೆದ ಕನ್ನಡಿ, ಹರಿದ ರೆಕ್ಸಿನ್ ಸೀಟಿಗೆ ಟೇಪಿನ ತೇಪೆ. ಇದ್ದ ಎರಡು ಕೆಂಪು ಬಲ್ಬುಗಳು ಕತ್ತಲೆ ಎಲ್ಲೆಲ್ಲಿದೆ ಎಂದು ತೋರಿಸುವ ಕೆಲಸವನ್ನಷ್ಟೇ ಮಾಡುತ್ತಿದ್ದವು. ಗೋಡೆಯುದ್ದಕ್ಕೂ ಪ್ಲೈವುಡ್ ಹಲಗೆ ಹೊಡೆದ ಐದು ಗೂಡುಗಳು. ಆ ಮರೆಯಲ್ಲಿ ಕೂತರೆ ಮನೆ ಮರೆಯುತ್ತಿತ್ತು.

ಯಾರನ್ನು ಯಾವ ಗೂಡಿಗೆ ತಳ್ಳಬೇಕು ಎಂಬುದೇ ಗೂಡಣ್ಣನ ವಿದ್ಯೆ. ತಾಲ್ಲೂಕು ಕಚೇರಿಯ ಸಾಹೇಬರು ಒಂದರಲ್ಲಿದ್ದರೆ ಅವರ ಗುಮಾಸ್ತ ಐದರಲ್ಲಿ. ನಿವೃತ್ತ ಪೋಸ್ಟ್‌ಮಾಸ್ಟರು ಎರಡರಲ್ಲಿ, ಅವರ ಅಳಿಯ ಟೈಲರ್ ನಾಲ್ಕರಲ್ಲಿ. ಈ ಮಾವ ಅಳಿಯ ಒಂಬತ್ತು ವರ್ಷ ವಾರಕ್ಕೆ ಮೂರು ಸಂಜೆ ಬಂದರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳಲಿಲ್ಲ.

ಮಾಲೀಕರಿಗೆ ಮಂಡಿನೋವು ಬಂದು, ಅವರ ಸೊಸೆ ಗಲ್ಲಾದಲ್ಲಿ ಕೂತಳು. ವಾರದೊಳಗೆ ಬಡಗಿ ಐದೂ ಗೂಡು ಕಿತ್ತ. ಗೋಡೆಗೆ ಬಿಳಿ ಬಣ್ಣ, ಸೂರಿಗೆ ಟ್ಯೂಬ್‌ಲೈಟು. ಗೂಡಣ್ಣ ಗೊಣಗಿದ್ದಕ್ಕೆ ಆಕೆ ಮೆತ್ತಗೇ ಹೇಳಿದಳು: “ಗೂಡೇ ಹೋಯ್ತಲ್ಲಣ್ಣ, ಸೀಟು ತೋರಿಸೋಕೆ ಬೇರೆ ಒಬ್ರು ಯಾಕೆ? ಬಂದೋರಿಗೆ ಕಣ್ಣಿದೆ. ಈ ತಿಂಗಳು ನೋಡೋಣ.”

ಐವತ್ತೆಂಟು ವರ್ಷದವನನ್ನು ಇನ್ಯಾವ ಬಾರು ಬಾ ಎಂದೀತು?

ಗೂಡು ಕಿತ್ತ ಮೂರನೆಯ ಸಂಜೆ ಪೋಸ್ಟ್‌ಮಾಸ್ಟರು ಬಂದು ಕೂತರು. ಗೂಡಣ್ಣ ಅವರ ಮುಂದೆ ಲೋಟ ಇಟ್ಟು ತಿರುಗುವಷ್ಟರಲ್ಲಿ ಟೈಲರ್ ಬಾಗಿಲು ದೂಡಿದ. ಗೂಡಣ್ಣ ಟ್ರೇಯನ್ನು ಎದೆಗೆ ಅಡ್ಡ ಹಿಡಿದು ಇಬ್ಬರ ನಡುವೆ ನಿಂತ. ಆದರೆ ಅವನದು ಕಡ್ಡಿ ಮೈ. ಅವನ ಮೊಣಕೈ ಸಂದಿನಿಂದ ಮಾವ ಅಳಿಯನನ್ನು ಕಂಡರು. ಅಳಿಯ ಗೋಡೆಯ ಹೊಸ ಬಣ್ಣವನ್ನು ಪರೀಕ್ಷಿಸತೊಡಗಿದ.

“ನಿಂತೇ ಇರ್ತೀರಾ? ಬನ್ನಿ, ಕೂತ್ಕೊಳ್ಳಿ,” ಎಂದು ಮಾವ ಕುರ್ಚಿ ಎಳೆದರು. “ನಾಕನೇ ಗೂಡಲ್ಲಿ ಕೆಮ್ಮೋದು ನೀವೇ ಅಂತ ನಂಗೆ ಗೊತ್ತಿತ್ತು.”

“ನಂಗೂ ಗೊತ್ತಿತ್ತು ಮಾವ,” ಎಂದ ಟೈಲರ್. “ನೀವು ಲೋಟ ಕುಕ್ಕೋ ಸದ್ದು ಮನೇಲೂ ಅದೇ ಅಲ್ವಾ.”

ಒಂಬತ್ತು ವರ್ಷ ತಾನು ಕಾಪಾಡಿದ್ದಾದರೂ ಏನನ್ನು ಎಂದು ಯೋಚಿಸುತ್ತ ಗೂಡಣ್ಣ ಟ್ರೇ ಹಿಡಿದು ನಿಂತೇ ಇದ್ದ. ಪೋಸ್ಟ್‌ಮಾಸ್ಟರು ಅವನ ತೋಳು ಜಗ್ಗಿ ದನಿ ತಗ್ಗಿಸಿದರು. “ನಮ್ಮಿಬ್ಬರದು ಬಿಡಪ್ಪ. ನನ್ನ ಮಗಳು ಕೆಲಸ ಮುಗಿಸಿ ಈ ಬೀದೀಲೇ ಬರೋದು. ಈ ಲೈಟಲ್ಲಿ ಬಾಗಿಲು ತೆಗೆದ್ರೆ ಊರಿಗೆಲ್ಲ ಕಾಣ್ತೀವಿ. ಸ್ವಲ್ಪ ಹೊರಗೆ ನಿಂತ್ಕೊಂಡು ನೋಡ್ತಿರು.”

ಅವನು ಹೊರಗೆ ನಿಂತ. ಮರುದಿನ ಸಾಹೇಬರೂ ಅದನ್ನೇ ಕೇಳಿಕೊಂಡರು, ಆಮೇಲೆ ಗುಮಾಸ್ತನೂ. ತಿಂಗಳ ಕೊನೆಗೆ ಸೊಸೆ ತಾನಾಗಿಯೇ ಬಾಗಿಲ ಹೊರಗೆ ಅವನಿಗೊಂದು ಸ್ಟೂಲು ಹಾಕಿಸಿದಳು. ಯಾರ ಹೆಂಡತಿ ಎಷ್ಟು ಹೊತ್ತಿಗೆ ಬೀದಿ ದಾಟುತ್ತಾಳೆ ಎಂಬುದನ್ನು ಅವನೀಗ ಹೊಸದಾಗಿ ಕಲಿಯುತ್ತಿದ್ದಾನೆ.