ಮೀನಿನ ಐಸಿನಲ್ಲಿ ಇಲಿಯ ಪ್ರೋಟೀನು

ನಮ್ಮ ಲ್ಯಾಬಿಗೆ ಒಂದು ಇಲಿಯ ಪ್ರೋಟೀನು ಬರುವುದಿತ್ತು. ಇಲಿಯದ್ದು ಎನ್ನುವುದು ಹೆಸರಿಗೆ ಮಾತ್ರ. ಇಲಿಯ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಲಿ ತಯಾರು ಮಾಡಿಸಿದ್ದು. ಜನ್ಮದಲ್ಲಿ ಇಲಿಯ ಮುಖ ಕಂಡದ್ದಲ್ಲ. ಮುಂಬೈಯಲ್ಲೇ ಹುಟ್ಟಿ ಬೆಳೆದು, ಕೇಳಿದವರಿಗೆಲ್ಲ ಊರು ಕುಂದಾಪ್ರ ಎನ್ನುವ ನನ್ನ ದೊಡ್ಡಪ್ಪನ ಮಕ್ಕಳ ಹಾಗೆ. ಇಲಿಯ ಮೈಯಲ್ಲಿ ಇದರ ಕೆಲಸ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಕೂತು, ಬಂದ ರಾಸಾಯನಿಕವನ್ನು ಹಿಡಿದು, ಯಾವ ಜೀನು ಏಳಬೇಕು, ಯಾವುದು ಮಲಗಬೇಕು ಎಂದು ತೀರ್ಮಾನಿಸುವುದು. ನಮ್ಮ ಮನೆಯಲ್ಲಿ ಈ ಹುದ್ದೆ ಚಿಕ್ಕಮ್ಮನದು.

ಬ್ರಹ್ಮಾವರದ ಹತ್ತಿರದ ಆ ಲ್ಯಾಬಿನಲ್ಲಿ ನಾನು ಪ್ರಾಜೆಕ್ಟ್ ಅಸಿಸ್ಟೆಂಟ್. ಅಂದರೆ ಗಾಜು ತೊಳೆಯುವವನು, ಸಾರ್ ಇಲ್ಲದಾಗ ಸಾರ್ ದನಿಯಲ್ಲಿ ಮಾತಾಡಿ ಎಲ್ಲರನ್ನೂ ನಗಿಸುವವನು. ಪ್ರೋಟೀನು ಬೇಕಾದದ್ದು ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದ, ನಾನು ಅಕ್ಕ ಎಂದು ಕರೆಯುವ ಸೀನಿಯರಿಗೆ. ಶರಬತ್ತು ಮಾಡುವ ಪುನರ್ಪುಳಿ ಹಣ್ಣಿನ ಸಿಪ್ಪೆಯಿಂದ ತೆಗೆದ ಒಂದು ವಸ್ತು ಅದಕ್ಕೆ ಅಂಟಿಕೊಳ್ಳುತ್ತದೋ ಇಲ್ಲವೋ ನೋಡಬೇಕು. ಅವಳ ಪ್ರಬಂಧಕ್ಕೆ ಉಳಿದದ್ದು ಅದೊಂದೇ ಪ್ರಯೋಗ. ಅವಳಿಗೆ ಆಗ ಏಳು ತಿಂಗಳು. ಹೆರಿಗೆಗೆ ಬೈಂದೂರಿನ ತವರಿಗೆ ಹೋಗುವ ಮೊದಲು ಮುಗಿಯದಿದ್ದರೆ, ಆಮೇಲೆ ಎತ್ತಿಕೊಳ್ಳಲು ಮಗುವೇ ಇರುತ್ತದೆ, ಪ್ರಬಂಧವನ್ನು ಯಾರು ಎತ್ತಿಕೊಳ್ಳುತ್ತಾರೆ?

ಪಾರ್ಸೆಲ್ ಕುಂದಾಪುರದ ಕೊರಿಯರ್ ಆಫೀಸಿಗೆ ಬಂದದ್ದು ಶನಿವಾರ ಮಧ್ಯಾಹ್ನ. ಲ್ಯಾಬಿಗೆ ಬೀಗ ಬಿದ್ದಿತ್ತು. ಸೋಮವಾರದ ತನಕ ಡ್ರೈ ಐಸ್ ತಡೆಯುತ್ತದೆ, ಮನೆಯಲ್ಲಿಟ್ಟುಕೋ ಎಂದರು ಸಾರ್. ನೀರಾಗದೆ ಹೊಗೆಯಾಗಿಯೇ ಹೋಗುವ, ಮಾಮೂಲಿ ಐಸಿಗಿಂತ ಎಷ್ಟೋ ತಣ್ಣಗಿನ ಐಸು ಅದು. ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗುಲ್ವಾಡಿಯ ಮನೆಗೆ ಹೊರಟೆ. ಬಸ್ಸಿನಲ್ಲಿ ಪಕ್ಕದವರು, "ಎಂತ ಮೀನ್, ಅಂಜಲಾ?" ಎಂದರು. "ಇಲಿ" ಎಂದೆ. ಸೀಟು ಬಿಟ್ಟು ಎದ್ದರು.

ಚಿಕ್ಕಮ್ಮನದು ಮೀನಿನ ವ್ಯಾಪಾರ. ಭಾನುವಾರ ನಾನು ಕ್ರಿಕೆಟ್ ಮುಗಿಸಿ ಬರುವಾಗ ಅವಳ ಮುಖದಲ್ಲಿ ಉಪಕಾರ ಮಾಡಿದ ಕಳೆ.

"ಹ್ವಾಯ್, ನಿನ್ ಡಬ್ಬಿ ಐಸ್ ಅರ್ಧ ಖಾಲಿ ಆಯಿತ್ತ್. ನಾ ತುಂಬ್ಸಿ ಇಟ್ಟಿದೆ."

"ಎಂತ ತುಂಬ್ಸಿದೆ ಚಿಕ್ಕಮ್ಮ?"

"ಮೀನಿಗ್ ಹಾಕು ಐಸೇ. ಅದ್ರಗಿದ್ದದ್ದ್ ಎಂತ ಐಸಾ? ಒಂದ್ ಹನಿ ನೀರಿಲ್ಲೆ, ಬರೀ ಹೊಗೆ. ನಿಮ್ಗ್ ಯಾರೋ ಮೋಸ ಮಾಡಿರ್."

ಡಬ್ಬಿಯ ತಳದಿಂದ ಹನಿ ಬೀಳುತ್ತಿತ್ತು. ಬಗ್ಗಿ ನೋಡಿದರೆ, ಮೀನಿನ ಡಬ್ಬಿಗೆ ಮಾಡುವ ಹಾಗೆಯೇ ಮೂಲೆಯಲ್ಲಿ ತೂತು ಕೊರೆದಿದ್ದಳು.

"ನೀರ್ ನಿಂತ್ರೆ ಸಾಮಾನ್ ಹಾಳಾತ್ತಲ್ದಾ? ಅಷ್ಟೂ ಗೊತ್ತಿಲ್ಯಾ ನಿಂಗೆ?"

ಅಕ್ಕನಿಗೆ ಫೋನ್ ಮಾಡಿ, ಒಂದು ಚೂರು ಐಸ್ ಜಾಸ್ತಿಯಾಗಿದೆ ಎಂದೆ.

"ಎಂತ ಐಸ್?"

"ಮೀನಿನ್ ಐಸ್."

ಮೆಲ್ಲ, "ಕೊಲ್ತೆ ನಿನ್ನ" ಎಂದಳು.

ಸೋಮವಾರ ತೆರೆದಾಗ ಡ್ರೈ ಐಸ್ ಪೂರಾ ಹೋಗಿತ್ತು. ಮೈನಸ್ ಎಂಬತ್ತು ಡಿಗ್ರಿಯಲ್ಲಿ ಇರಬೇಕಾದ ಪುಟ್ಟ ಸೀಸೆ, ಒದ್ದೆ ಐಸಿನಲ್ಲಿ ಬಂಗುಡೆ ಮೀನಿನ ವಾಸನೆ ಬಡಿದುಕೊಂಡು ಮಲಗಿತ್ತು. ಬಿಸಾಡಿ ಎಂದರು ಸಾರ್. ಅಕ್ಕ ಬಿಸಾಡಲಿಲ್ಲ. ಪ್ರೋಟೀನು ಕೆಟ್ಟಿದೆಯೋ ತಿಳಿಯಲು, ಅದಕ್ಕೆ ಖಂಡಿತ ಅಂಟುತ್ತದೆ ಎಂದು ಗೊತ್ತಿರುವ ಒಂದು ವಸ್ತುವನ್ನು ಮೊದಲು ಕೊಟ್ಟು ನೋಡಿದಳು. ಹಿಡಿಯಿತು. ಪುನರ್ಪುಳಿಯದನ್ನು ಕೊಟ್ಟಳು. ಅದನ್ನೂ ಹಿಡಿಯಿತು.

ಅವಳು ನಗುತ್ತಾಳೆಂದು ಕಾದೆ. ಅವಳು ನೇರ ಹೋಗಿ ಸಾರ್‌ಗೆ ಐಸಿನ ಕತೆಯನ್ನೂ ಸೇರಿಸಿ ಎಲ್ಲ ಹೇಳಿದಳು.

"ಫಲಿತಾಂಶ ಚೆನ್ನಾಗಿದೆಯಮ್ಮ" ಎಂದರು ಸಾರ್, "ಆದರೆ ಮೀನಿನ ಜೊತೆ ಇದ್ದು ಬಂದ ಪ್ರೋಟೀನಿನ ಸಾಕ್ಷಿ ಯಾರು ನಂಬುತ್ತಾರೆ? ಹೊಸದು ತರಿಸಿ, ಇನ್ನೊಮ್ಮೆ ಮಾಡಿ."

ಪ್ರೋಟೀನಿನ ಜೀವ ಉಳಿದಿತ್ತು, ಮರ್ಯಾದೆ ಹೋಗಿತ್ತು.

ಹೊಸ ಸೀಸೆ ಬರುವಷ್ಟರಲ್ಲಿ ಅಕ್ಕ ಬೈಂದೂರಿನಲ್ಲಿದ್ದಳು. ಪ್ರಯೋಗ ನನ್ನ ತಲೆಗೆ ಬಂತು. ಈ ಕೆಲಸದಲ್ಲಿ ನನಗೆ ಸ್ವಂತ ಕೈ ಇಲ್ಲ, ಗೊತ್ತಿರುವುದು ಅಣಕಿಸುವುದಷ್ಟೇ. ಅವಳು ಪಿಪೆಟ್ ಹಿಡಿಯುವಾಗ ಮಣಿಕಟ್ಟು ಓರೆ ಮಾಡುವುದು, ಹನಿ ಬಿಡುವಾಗ ಉಸಿರು ಹಿಡಿಯುವುದು, ಎಲ್ಲ ಹಾಗೆಯೇ ಮಾಡಿದೆ. ಈ ಅಣಕಕ್ಕೆ ಯಾರೂ ನಗಲಿಲ್ಲ. ಅಂಕಿಗಳು ಬಂದ ಕೂಡಲೇ ಅಕ್ಕನಿಗೆ ಫೋನ್ ಮಾಡಿ ಓದಿದೆ.

"ಮತ್ತೊಂದ್ಸಲ ಓದ್" ಎಂದಳು ಅಕ್ಕ.

ಓದಿದೆ. ಹಿಂದಿನಿಂದ ಅವಳ ಅಮ್ಮ ಹಾಲು ಆರುತ್ತಿದೆ ಎಂದು ಕೂಗುವುದು ಕೇಳಿಸಿತು.

"ಹಿಡಿತ್ ಅಲ್ದಾ? ಮೊದ್ಲಿನ್ ಹಾಂಗೇ?"

"ಹಾಂಗೇ, ಅಕ್ಕ."

"ಹಾಂಗಾರೆ ಕೂಕೊ. ನಂಗೆ ಈ ಹೊಟ್ಟಿ ಮೇಲ್ ಲ್ಯಾಪ್‌ಟಾಪ್ ನಿಲ್ಲುದಿಲ್ಲೆ. ನಾ ಹೇಳ್ತೆ, ನೀ ಟೈಪ್ ಮಾಡ್. ಪ್ರೋಟೀನನ್ನು ಮೈನಸ್ ಎಂಬತ್ತರಲ್ಲಿ ಇರಿಸಲಾಗಿತ್ತು." ಅಲ್ಲಿಗೇ ನಿಲ್ಲಿಸಿ ಕೇಳಿದಳು, "ಈ ಸಲ ಇಟ್ಟಿದ್ಯಲ್ದಾ?"

"ಇಟ್ಟಿದೆ ಅಕ್ಕ. ಬೀಗ ಹಾಕಿ."