ಬಲದಿಂದ ಓದಿದ ಸಮೀಕರಣ

ಗುರುಗಳು ಹೇಳಿದರೆಂದು ಯಾವ ಮಾತನ್ನೂ ಒಪ್ಪಬಾರದು ಎಂಬುದು ಆಗ ನನ್ನ ಹಟ. ಹುಮನಾಬಾದಿನ ಶಾಲೆಯ ಚರ್ಚಾಕೂಟ ಹಚ್ಚಿದ ಹಟ ಅದು. ಆದರೆ ಒಂದು ಮಾತಿಗೆ ಮಾತ್ರ ಎದುರುವಾದ ಸಿಗಲಿಲ್ಲ: ಎರಡು ಸಂಖ್ಯೆ ಗುಣಿಸಿ ಸೊನ್ನೆ ಬಂದರೆ, ಒಂದಾದರೂ ಸೊನ್ನೆಯೇ ಆಗಿರಬೇಕು. ವರ್ಗ ಸಮೀಕರಣವನ್ನು ಎರಡು ಅಪವರ್ತನಗಳಾಗಿ ಒಡೆದು ಬಿಡಿಸುವ ವಿದ್ಯೆಯೆಲ್ಲ ಇದರ ಮೇಲೆಯೇ ನಿಂತಿದೆ. ಎಷ್ಟು ಕುಟ್ಟಿದರೂ ಅದು ಅಲುಗಲಿಲ್ಲ.

ಕಲ್ಯಾಣದ ಶಾಲೆಯಿಂದ ನನ್ನ ಜೊತೆ ಬಂದ ಗೆಳೆಯನೊಬ್ಬನಿದ್ದ, ನಾರಾಯಣಪುರದವ. ಒಂದು ದಿನ ಅವನ ಕಾಕಾ ತರಗತಿಗೇ ಬಂದು, ರುಮಾಲು ಬಿಚ್ಚಿ ಬಾಗಿಲಲ್ಲಿ ಕುಳಿತರು.

"ಹೊಲಕ್ಕ ಕೈ ಸಾಲವಲ್ವು ಮಾಸ್ತರ್ ಸಾಹೇಬ್ರ. ಹುಡುಗಗ ವಿದ್ಯಾ ಹತ್ತತದ ಅಂದ್ರ ಬಿಡತೀನಿ. ಇಲ್ಲಂದ್ರ ಇವತ್ತೇ ಕರಕೊಂಡು ಹೋಗತೀನ್ರಿ."

ಮಾಸ್ತರರು ಅವನನ್ನು ಹಲಗೆಯ ಹತ್ತಿರ ಕರೆದು ಬರೆದರು: x² − 5x + 6 = 0.

ಗೆಳೆಯ ಗುಣುಗುಣು ಅಂದು, "ಆರು, ಇಲ್ಲಾ ಋಣ ಒಂದು" ಎಂದ. ಬರಬೇಕಾದದ್ದು ಎರಡು ಮತ್ತು ಮೂರು. ಮಾಸ್ತರರ ಮುಖ ನೋಡಿಯೇ ಕಾಕಾ ರುಮಾಲು ಸುತ್ತತೊಡಗಿದರು.

ನಾನು ಎದ್ದು ನಿಂತೆ. "ಅಂವ ಏನ್ ಓದಿದ ಅಂತ ಕೇಳಲಾರ್ದ ತಪ್ಪಂದ್ರ ಹ್ಯಾಂಗ್ರಿ ಸಾಹೇಬ್ರ?"

"ಬಂದ್ರಪಾ ವಕೀಲ್ ಸಾಹೇಬ್ರು!" ಎಂದರು ಮಾಸ್ತರರು. ಆದರೂ ಅವನ ಕಡೆ ತಿರುಗಿ, "ಓದು ನೋಡೋಣು" ಎಂದರು.

ಗೆಳೆಯ ಬಲತುದಿಗೆ ಬೆರಳಿಟ್ಟ. "ಸೊನ್ನೆ ಅಂದ್ರ ಆರು, ಕೂಡು ಐದು x, ಕಳೆ x ವರ್ಗ."

ಕಲ್ಯಾಣದ ನಮ್ಮ ಹಳೆಯ ಮಾಸ್ತರರು ಉರ್ದುವಿನಂತೆ ಸಮೀಕರಣವನ್ನೂ ಬಲದಿಂದ ಎಡಕ್ಕೆ ಬರೆಸುತ್ತಿದ್ದರು, ಇಲ್ಲಿಯವರು ಎಡದಿಂದ. ಕಾಕಾನ ಎದುರು ಗಾಬರಿಯಾದ ಹುಡುಗನಿಗೆ ಹಳೆಯ ರೂಢಿ ಮರುಕಳಿಸಿತ್ತು. ಕೂಡು-ಕಳೆಯ ಚಿಹ್ನೆಗಳು ಬೇರೆ ಪದಗಳಿಗೆ ಅಂಟಿ, ಲೆಕ್ಕವೇ ಬೇರೆಯಾಗಿತ್ತು.

"ಆ ಓದಿಗೆ ಅವನ ಆರು ಹಚ್ಚಿ ನೋಡ್ರಿ," ನಾನು ಬಿಡಲಿಲ್ಲ. "ಆರು, ಮೂವತ್ತು ಕೂಡಿ ಮೂವತ್ತಾರು. ಆರರ ವರ್ಗ ಕಳದ್ರ ಸೊನ್ನೆ! ಓದಿದ ಲೆಕ್ಕಕ್ಕ ಉತ್ತರ ಖರೆ ಅದ. ಎರಡನೇ ಮಾತು..."

"ಯಪ್ಪಾ, ನೀ ಸುಮ್ಮ ಕೂಡು!" ಎಂದ ಗೆಳೆಯ ಹಲಗೆಯ ಹತ್ತಿರದಿಂದಲೇ. "ನಿನ್ನ ವಕೀಲಕಿ ಮುಗಿಯೂದ್ರಾಗ ಕಾಕಾ ಊರು ಮುಟ್ಟತಾನ. ಸಾಹೇಬ್ರ, ಇನ್ನೊಂದು ಕೊಡ್ರಿ."

ಮಾಸ್ತರರು ನಗುತ್ತ ಬರೆದರು: x² − 7x + 12 = 0. ಅವನು ಸರಿದು ಎಡತುದಿಗೆ ನಿಂತ. "ಗುಣಿಸಿದ್ರ ಹನ್ನೆರಡು, ಕೂಡಿಸಿದ್ರ ಏಳು. ಆರು ಎರಡು... ಎಂಟಾತು, ಬ್ಯಾಡ. ಮೂರು ನಾಕು!" ಸೀಮೆಸುಣ್ಣದ ಖಡು ಒತ್ತಿ ಬರೆದ: (x − 3)(x − 4) = 0. "ಮೂರು, ಇಲ್ಲಾ ನಾಕು."

"ಖರೆ ಬಂತೇನ್ರಿ?" ಕಾಕಾ ಕೇಳಿದರು.

"ಬಂತು. ವಿದ್ಯಾ ಹತ್ತತದ, ಇಲ್ಲೇ ಬಿಡ್ರಿ."

"ಹಂಗಾರ ಸುಗ್ಗ್ಯಾಗ ಜ್ವಾಳದ ರಾಶಿಗೆ ಕಳಸಬೇಕ್ರಿ."

"ಕಳಸತೀನಿ. ರಾಶಿ ಮುಗದ ಮ್ಯಾಲ ಮದುವಿ, ಮುಂಜಿ ಅಂತ ನಿಂದ್ರಸಬ್ಯಾಡ್ರಿ."

ಕಾಕಾ ತಲೆಯಾಡಿಸಿದರು. ಇಬ್ಬರ ದಾರಿಗೆಂದು ಕಟ್ಟಿಸಿಕೊಂಡು ಬಂದಿದ್ದ ರೊಟ್ಟಿಗಂಟನ್ನು ಗೆಳೆಯನ ಕೈಗಿಟ್ಟು, ಒಬ್ಬರೇ ಊರ ದಾರಿ ಹಿಡಿದರು.